ಹಡಗಿನ ನಲ್ಲಿ ನೀರಿನ ಬಗ್ಗೆ ಒಂದು ಚೀಟಿ ಅಂಟಿಸೋಕೆ ಹಡಗಿನವರಿಗೇನು ರೋಗ?

ಕ್ರೂಸ್ ಹಡಗು ಹತ್ತಿದವರು ಮೊದಲ ದಿನವೇ ಕೇಳೋ ಪ್ರಶ್ನೆ: ಕ್ಯಾಬಿನ್ನಿನ ಬೇಸಿನ್ನಿನ ನಲ್ಲಿಯ ನೀರು ಕುಡಿಯಬಹುದಾ? ದೊಡ್ಡ ಹಡಗುಗಳ ಮಟ್ಟಿಗೆ ಉತ್ತರ ಒಂದೇ ಪದ, ಹೌದು. ಅದನ್ನು ನೇರವಾಗಿ ಹೇಳೋಕೆ ಮಾತ್ರ ಯಾರಿಗೂ ನಾಲಿಗೆ ಹೊರಳಲ್ಲ. ಕೌಂಟರಿನಲ್ಲಿ ಕೇಳಿದರೆ "ಕುಡಿಯಬಹುದು, ಆದರೆ ಬೇಕಿದ್ದರೆ ಬಾಟಲಿ ನೀರಿನ ಪ್ಯಾಕೇಜ್ ಇದೆ" ಅಂತಾರೆ. ಆ "ಆದರೆ" ಇದೆಯಲ್ಲ, ಬಾಟಲಿಗಳನ್ನು ಮಾರೋದು ಅದೇ. ಮೇಜಿನ ಮೇಲೆ ಕುತ್ತಿಗೆಗೆ ಬೆಲೆಚೀಟಿ ನೇತುಹಾಕಿಕೊಂಡ ಬಾಟಲಿಗಳು ಸಾಲಾಗಿ ನಿಂತಿರುತ್ತವೆ. ಬಚ್ಚಲಲ್ಲಿ "ಟವೆಲ್ ಮತ್ತೆ ಬಳಸಿ, ಸಮುದ್ರ ಉಳಿಸಿ" ಅಂತ ಚೆಂದದ ಚೀಟಿ ಇರುತ್ತೆ. ಅದರ ಕೆಳಗೇ ಇರೋ ನಲ್ಲಿಯ ಬಗ್ಗೆ ಒಂದಕ್ಷರವೂ ಇಲ್ಲ.

ಸಿಟ್ಟು ಬರೋದು ಯಾಕೆ ಅಂದರೆ, ಆ ನೀರಿನ ಬಗ್ಗೆ ಹಡಗಿಗೆ ಗೊತ್ತಿಲ್ಲದ್ದು ಏನೂ ಇಲ್ಲ. ದಶಾಂಶ ಬಿಂದುವಿನ ಲೆಕ್ಕ ಇಟ್ಟಿರುತ್ತಾರೆ. ಅಮೆರಿಕದ ಬಂದರುಗಳಿಗೆ ಬರುವ, 13 ಅಥವಾ ಹೆಚ್ಚು ಪ್ರಯಾಣಿಕರನ್ನು ಹೊತ್ತು ಬೇರೆ ದೇಶಕ್ಕೂ ಹೋಗುವ ಹಡಗುಗಳ ಮೇಲೆ ಅಲ್ಲಿನ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಹಡಗು ನೈರ್ಮಲ್ಯ ಕಾರ್ಯಕ್ರಮ 1975ರಿಂದ ಕಣ್ಣಿಟ್ಟಿದೆ. ತಪಾಸಣೆಗೆ ಮುಂಚೆ ಹೇಳಿ ಬರೋದಿಲ್ಲ. ನೂರಕ್ಕೆ 86 ಬರಬೇಕು, 85 ಬಂದರೂ ನಪಾಸು. ಅಂಕಗಳನ್ನು ಸಾರ್ವಜನಿಕವಾಗಿ ಪ್ರಕಟಿಸುತ್ತಾರೆ. ಅವರ ನಿಯಮದ ಪ್ರಕಾರ ನೀರು ಟ್ಯಾಂಕಿಗೆ ಹೋಗುವಾಗಲೇ ಕ್ಲೋರಿನ್ ಕನಿಷ್ಠ 2 ಪಿಪಿಎಂ, ಅಂದರೆ ಲೀಟರಿಗೆ ಸುಮಾರು 2 ಮಿಲಿಗ್ರಾಂ ಇರಬೇಕು. ಅಲ್ಲಿಂದ ಪೈಪುಗಳಲ್ಲಿ ಹರಿದು ಕೊನೆಯ ನಲ್ಲಿ ತಲುಪುವವರೆಗೆ 0.2ಕ್ಕಿಂತ ಕೆಳಗೆ ಇಳಿಯಬಾರದು, 5ಕ್ಕಿಂತ ಮೇಲೆ ಏರಬಾರದು. ಪಂಪಿಗೆ ಅತಿ ದೂರದ ಜಾಗದಲ್ಲಿ ಒಂದು ಯಂತ್ರ ಕೂತು ಇದನ್ನು ಹಗಲೂ ರಾತ್ರಿ ದಾಖಲಿಸುತ್ತಿರುತ್ತೆ. ಹಡಗಿನ ಮುಂಭಾಗ, ಹಿಂಭಾಗ, ಮೇಲಿನ ಡೆಕ್, ಕೆಳಗಿನ ಡೆಕ್, ಹೀಗೆ ತಿಂಗಳಿಗೆ ಕನಿಷ್ಠ ನಾಲ್ಕು ಮಾದರಿ ತೆಗೆದು, ಮಲದ ಬೆರಕೆ ಸೂಚಿಸೋ ಇ. ಕೋಲೈ ಬ್ಯಾಕ್ಟೀರಿಯಾದ ಪರೀಕ್ಷೆ ಮಾಡಬೇಕು. ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, 7.8 ದಾಟುವಂತಿಲ್ಲ, ಯಾಕೆಂದರೆ ನೀರು ಕ್ಷಾರದ ಕಡೆ ವಾಲಿದಷ್ಟೂ ಕ್ಲೋರಿನ್ನಿನ ಕೊಲ್ಲೋ ಶಕ್ತಿ ಕುಂದುತ್ತೆ. ಇಷ್ಟೆಲ್ಲ ಕಾಗದ ಕೆಳಗೆ ಎಂಜಿನ್ ಕಂಟ್ರೋಲ್ ರೂಮಿನಲ್ಲಿ ಇಟ್ಟುಕೊಂಡು ಮೇಲೆ "ನಿಮ್ಮಿಷ್ಟ ಸರ್" ಅಂತ ಹಲ್ಲು ಕಿರಿಯೋದು ಯಾವ ನ್ಯಾಯ?

ಇವರು ಬಾಯಿ ಬಿಡದೆ ಇರೋದಕ್ಕೇ ಗಾಳಿಸುದ್ದಿಗೆ ಕೈಕಾಲು ಬರೋದು. "ಸಮುದ್ರದ ನೀರನ್ನೇ ಸೋಸಿ ಕುಡಿಸ್ತಾರಂತೆ." ಹೌದು, ಕುಡಿಸ್ತಾರೆ. ಅದರಲ್ಲಿ ಹೆದರೋ ಅಂಥದ್ದೇನಿದೆ? ಒಂದು ದಾರಿ ಆವಿ ಮಾಡೋದು. ಎಂಜಿನ್ ತಣಿಸಿ ಬಂದ ಬಿಸಿನೀರಿನ ಶಾಖ ಬಳಸಿ, ಗಾಳಿ ಹೀರಿ ಒತ್ತಡ ಇಳಿಸಿದ ಕೋಣೆಯಲ್ಲಿ ಸಮುದ್ರದ ನೀರನ್ನು ಕುದಿಸುತ್ತಾರೆ. ಒತ್ತಡ ಕಡಿಮೆ ಇರೋದರಿಂದ 80 ಡಿಗ್ರಿಗಿಂತ ಕೆಳಗೇ ಕುದಿಯುತ್ತೆ, ಉಪ್ಪು ಕೆಳಗೆ ಉಳಿಯುತ್ತೆ. ಇನ್ನೊಂದು ದಾರಿ ಆರ್‌ಓ. ಲೀಟರಿಗೆ 35 ಗ್ರಾಂ ಉಪ್ಪಿರುವ ನೀರನ್ನು 55ರಿಂದ 70 ಬಾರ್ (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ) ಒತ್ತಡದಲ್ಲಿ ಉಪ್ಪು ತಡೆಯೋ ಪೊರೆಯ ಮೂಲಕ ತಳ್ಳೋದು. ಬಂದರಿನ ಕೊಳಕು ನೀರಿನಲ್ಲಿ, ಲಂಗರು ಹಾಕಿ ನಿಂತಾಗ ಈ ಯಂತ್ರಗಳನ್ನು ಓಡಿಸುವಂತಿಲ್ಲ. ಅದಕ್ಕೇ ನೀರು ಮಾಡೋ ಕೆಲಸ ತೆರೆದ ಸಮುದ್ರದಲ್ಲಿ ನಡೆಯುತ್ತೆ. "ಕುದಿಸಿದ ನೀರಿಗೆ ಮತ್ತೆ ಕ್ಲೋರಿನ್ ಯಾಕೆ" ಅಂತ ಕೇಳೋ ಬುದ್ಧಿವಂತರಿಗೂ ಉತ್ತರ ಇಲ್ಲೇ ಇದೆ. ಅಷ್ಟು ಕಡಿಮೆ ಬಿಸಿಗೆ ಕ್ರಿಮಿ ಪೂರ್ತಿ ಸಾಯುತ್ತೆ ಅಂತ ನಂಬಿ ಕೂರೋಕಾಗಲ್ಲ. ನೀರು ಆಮೇಲೆ ಟ್ಯಾಂಕಿನಲ್ಲಿ, ಮೈಲುಗಟ್ಟಲೆ ಪೈಪಿನಲ್ಲಿ ಕೂತಿರುತ್ತೆ ಬೇರೆ.

ಮೂರನೇ ದಾರಿ ಬಂದರಿನಿಂದ ತುಂಬಿಸಿಕೊಳ್ಳೋದು. "ಯಾವ ಊರಿನ ನೀರೋ ಏನೋ" ಅಂತ ಮೂಗು ಮುರಿಯೋರು ಇದನ್ನು ಕೇಳಿ. ಪೈಪ್ ಜೋಡಿಸುವ ಮೊದಲು ದಡದ ನೀರಿನ ಕ್ಲೋರಿನ್, ಪಿಎಚ್ ನೋಡುತ್ತಾರೆ, ಕ್ರಿಮಿ ಪರೀಕ್ಷೆಯ ವರದಿ ಇಟ್ಟುಕೊಳ್ಳುತ್ತಾರೆ, ಪೈಪಿನಲ್ಲಿ ನಿಂತ ನೀರನ್ನು ಹೊರಗೆ ಬಿಟ್ಟು ಚೆಲ್ಲುತ್ತಾರೆ. ಆ ಪೈಪು ಕುಡಿಯುವ ನೀರಿಗೆ ಮಾತ್ರ ಮೀಸಲು. ಬಾಯಿಗೆ ಮುಚ್ಚಳ ಹಾಕಿ, ಡೆಕ್ಕಿನಿಂದ ಕನಿಷ್ಠ 45 ಸೆಂಟಿಮೀಟರ್ ಎತ್ತರದಲ್ಲಿರೋ ಪೆಟ್ಟಿಗೆಯಲ್ಲಿ ಇಡಬೇಕು. ಮನೆಯಲ್ಲಿ ಟ್ಯಾಂಕ್ ತೊಳೆದು ಎಷ್ಟು ವರ್ಷ ಆಯ್ತು ಅಂತ ನೆನಪಿಲ್ಲದವರು ಇಲ್ಲಿ ಬಂದು ಮೂಗು ಮುರಿಯೋದು ನೋಡಬೇಕು!

"ಟಾಯ್ಲೆಟ್ಟಿನ ನೀರನ್ನೇ ತಿರುಗಿಸಿ ಕೊಡ್ತಾರೆ" ಅನ್ನೋದಂತೂ ತಲೆಬುಡ ಇಲ್ಲದ ಮಾತು. ಕುಡಿಯುವ ನೀರಿನ ಟ್ಯಾಂಕಿಗೂ ಕುಡಿಯದ ದ್ರವದ ಟ್ಯಾಂಕಿಗೂ ನಡುವೆ ಕನಿಷ್ಠ 45 ಸೆಂಟಿಮೀಟರಿನ ಖಾಲಿ ಜಾಗ ಬಿಡಬೇಕು ಅನ್ನೋದು ಹಡಗು ಕಟ್ಟುವಾಗಲೇ ಇರೋ ನಿಯಮ. ಗೋಡೆ ತೂತಾದರೂ ಒಂದರದ್ದು ಇನ್ನೊಂದಕ್ಕೆ ಸೇರಬಾರದು ಅಂತ. ಎಸಿಯಿಂದ ತೊಟ್ಟಿಕ್ಕಿದ ನೀರನ್ನು ಬಟ್ಟೆ ಒಗೆಯೋಕೆ, ಫ್ಲಶ್ಶಿಗೆ ಬಳಸೋ ಹಡಗುಗಳಿವೆ. ಆದರೆ ಅದರ ಪೈಪೇ ಬೇರೆ. ಕುಡಿಯುವ ನೀರಿನ ಪೈಪಿಗೆ ನೀಲಿ ಬಣ್ಣ, ಇಲ್ಲವೇ ನೀಲಿ-ಹಸಿರು-ನೀಲಿ ಪಟ್ಟಿ ಬಳಿದಿರುತ್ತಾರೆ, ರಿಪೇರಿಗೆ ಬಂದವನು ಕಣ್ತಪ್ಪಿಯೂ ಬೇರೆಯದಕ್ಕೆ ಜೋಡಿಸಬಾರದು ಅಂತ. ನಲ್ಲಿ ಟಾಯ್ಲೆಟ್ ಪಕ್ಕದಲ್ಲಿದೆ ಅನ್ನೋ ಕಾರಣಕ್ಕೆ ನೀರೂ ಅಲ್ಲಿಂದಲೇ ಬಂತು ಅನ್ನೋರಿಗೆ ಏನು ಹೇಳೋದು? ಬಫೆಯ ಯಂತ್ರದಲ್ಲಿ ಬರೋದೂ, ಜ್ಯೂಸಿನ ಐಸ್ ಆಗೋದೂ, ಕಾಫಿಗೆ ಹೋಗೋದೂ ಅದೇ ಟ್ಯಾಂಕಿನ ನೀರು. ಅದನ್ನು ಮೂರು ಹೊತ್ತು ಗಟಗಟ ಕುಡಿದು ಬಂದು ಕ್ಯಾಬಿನ್ನಿನಲ್ಲಿ ಹಲ್ಲುಜ್ಜೋಕೆ ಬಾಟಲಿ ಒಡೆಯೋರಿದ್ದಾರೆ ಮಾರಾಯ್ರೆ!

ಇನ್ನು ಟಿಡಿಎಸ್ ಮೀಟರ್ ವೀರರು. ಜೇಬಿನಿಂದ ಪೆನ್ನಿನಂಥದ್ದು ತೆಗೆದು ಲೋಟದಲ್ಲಿ ಅದ್ದಿ, 40 ತೋರಿಸಿದರೆ "ಸತ್ವ ಇಲ್ಲದ ನೀರು", 300 ತೋರಿಸಿದರೆ "ವಿಷ" ಅಂತ ತೀರ್ಪು. ಆ ಮೀಟರಿಗೆ ಕಾಣೋದು ಕರಗಿದ ಲವಣ ಮಾತ್ರ. ಬ್ಯಾಕ್ಟೀರಿಯಾ, ವೈರಸ್ ಅದರ ಕಣ್ಣಿಗೆ ಬೀಳೋದೇ ಇಲ್ಲ. ಅಷ್ಟೊಂದು ಅನುಮಾನ ಇದ್ದರೆ ಕುಡಿಯುವ ನೀರಿನ ಕ್ಲೋರಿನ್ ಅಳೆಯೋ ಪಟ್ಟಿ ಒಯ್ಯಿರಿ. ನಲ್ಲಿಯ ನೀರಿನಲ್ಲಿ ಮುಕ್ತ ಕ್ಲೋರಿನ್ (ಕ್ರಿಮಿ ಕೊಲ್ಲೋಕೆ ಇನ್ನೂ ಉಳಿದಿರೋದು) 0.2ಕ್ಕಿಂತ ಮೇಲೆ ತೋರಿಸಿದರೆ ನೀರಿಗೆ ಕಾವಲಿದೆ ಅಂತ ಅರ್ಥ. ಏನೂ ತೋರಿಸದಿದ್ದರೆ ನಲ್ಲಿ ಅರ್ಧ ನಿಮಿಷ ಬಿಟ್ಟು ಮತ್ತೆ ನೋಡಿ. ಆಗಲೂ ಸೊನ್ನೆಯಾದರೆ ಕುಡಿಯಬೇಡಿ, ಹೋಗಿ ದೂರು ಕೊಡಿ. ಆ ಜಗಳಕ್ಕೆ ಅರ್ಥ ಇದೆ.

ರುಚಿಯ ವಿಷಯದಲ್ಲಿ ದೂರೋರ ಮೇಲೆ ಸಿಟ್ಟಿಲ್ಲ. ರುಚಿ ನಿಜಕ್ಕೂ ಸಪ್ಪೆ. ಆವಿ ಮಾಡಿದ ನೀರಿನಲ್ಲಿ ಲವಣವೇ ಇರಲ್ಲ, ಹಾಗೇ ಬಿಟ್ಟರೆ ಪೈಪನ್ನೇ ತಿಂದುಹಾಕುತ್ತೆ. ಅದಕ್ಕೇ ಸುಣ್ಣದ ಕಲ್ಲಿನ ಹರಳುಗಳ ಮೂಲಕ ಹಾಯಿಸಿ ಒಂದಿಷ್ಟು ಕ್ಯಾಲ್ಸಿಯಂ ಸೇರಿಸೋದು. ಎಷ್ಟೇ ಸೇರಿಸಿದರೂ ಬಾವಿ ನೀರಿನ ರುಚಿ ಬರಲ್ಲ. ಮೇಲೆ ಕ್ಲೋರಿನ್ ವಾಸನೆ, ಬಿಸಿ ಯಂತ್ರಗಳ ನಡುವೆ ಹಾದು ಬರೋ ಪೈಪಿನ ಉಗುರುಬೆಚ್ಚಗಿನ ನೀರು. ಪರಿಹಾರ ಏನು ದೊಡ್ಡ ವಿದ್ಯೆ ಅಲ್ಲ. ಅಗಲ ಬಾಯಿಯ ಪಾತ್ರೆಯಲ್ಲಿ ತುಂಬಿ ಫ್ರಿಜ್ಜಿನಲ್ಲಿ ಕೆಲವು ಗಂಟೆ ತೆರೆದಿಟ್ಟರೆ ವಾಸನೆ ಬಹಳಷ್ಟು ಹೋಗುತ್ತೆ. ಇದ್ದಿಲಿನ ಫಿಲ್ಟರ್ ಇರೋ ಬಾಟಲಿಯಾದರೆ ಕಾಯೋದೂ ಬೇಡ. ಆದರೆ ಕ್ಲೋರಿನ್ ಹೋದ ಮೇಲೆ ಆ ನೀರಿಗೆ ರಕ್ಷಣೆಯೂ ಹೋಯಿತು, ಒಂದು ದಿನದೊಳಗೆ ಕುಡಿದು ಮುಗಿಸಿ. ಬಾಟಲಿಯನ್ನು ತೊಳೆಯದೆ ವಾರಗಟ್ಟಲೆ ತುಂಬಿಸುತ್ತಾ ಹೋಗಿ ಆಮೇಲೆ ಹಡಗಿನ ನೀರಿಗೆ ಹೊಟ್ಟೆ ಕೆಟ್ಟಿತು ಅನ್ನಬೇಡಿ.

ಹೊಟ್ಟೆ ಕೆಡಿಸೋ ನಿಜವಾದ ಕಳ್ಳ ಬಫೆಯ ನೀರಿನ ಯಂತ್ರದ ಹತ್ತಿರ ಸಿಗುತ್ತಾನೆ. ತನ್ನ ಬಾಟಲಿಯ ಎಂಜಲು ಬಾಯಿಯನ್ನು ಯಂತ್ರದ ಮೂತಿಗೆ ಒತ್ತಿ ಹಿಡಿದು ತುಂಬಿಸ್ತಾನಲ್ಲ, ಅವನೇ. ಹಡಗಿನಲ್ಲಿ ವಾಂತಿ ಭೇದಿ ಹಬ್ಬಿಸೋದರಲ್ಲಿ ಮುಂದಿರೋದು ನೊರೊವೈರಸ್. ಅದು ಹೆಚ್ಚಾಗಿ ಹರಡೋದು ಕೈ, ಸೌಟು, ಬಾಗಿಲ ಹಿಡಿ, ಊಟದ ಮೂಲಕ. ರೋಗ ಬರೋಕೆ ಕೆಲವೇ ಕಣಗಳು ಸಾಕು. ಲೋಟದಲ್ಲಿ ಹಿಡಿದು ಬಾಟಲಿಗೆ ಸುರಿದುಕೊಳ್ಳಿ ಅಂತ ಬೋರ್ಡ್ ಇದ್ದರೂ ಯಾರಿಗೂ ಪುರುಸೊತ್ತಿಲ್ಲ. ಬಾಗಿಲಲ್ಲಿ ಪಿಚಕ್ ಅಂತ ಜೆಲ್ ಹಾಕಿಕೊಂಡರೆ ಕೈ ಶುದ್ಧ ಅನ್ನೋ ಭ್ರಮೆ ಬೇರೆ. ಆಲ್ಕೋಹಾಲ್ ಜೆಲ್ಲಿಗೆ ಈ ವೈರಸ್ ಅಷ್ಟಾಗಿ ಬಗ್ಗಲ್ಲ. ಸೋಪು ಹಾಕಿ, 20 ಸೆಕೆಂಡ್ ಉಜ್ಜಿ, ಹರಿಯೋ ನೀರಲ್ಲಿ ತೊಳೆಯಬೇಕು. ಹೌದು, ನೀವು ಅನುಮಾನ ಪಡ್ತಿರೋ ಅದೇ ನಲ್ಲಿ ನೀರಲ್ಲಿ.

ಎಲ್ಲ ನಲ್ಲಿಗೂ ಕಣ್ಣು ಮುಚ್ಚಿ ಬಾಯಿ ಒಡ್ಡಿ ಅಂತಲೂ ಅಲ್ಲ. ಬಿಸಿನೀರಿನ ಕಡೆಯದ್ದು ಕುಡಿಯಬೇಡಿ, ಬಿಸಿನೀರಿಗೆ ಪೈಪಿನ ಲೋಹ ಹೆಚ್ಚು ಕರಗುತ್ತೆ. ಡೆಕ್ ತೊಳೆಯೋ ನಲ್ಲಿಗಳಲ್ಲಿ ಕುಡಿಯಲು ಯೋಗ್ಯವಲ್ಲ ಅಂತ ಬರೆದಿದ್ದರೆ ಅದನ್ನು ನಂಬಿ. ಟ್ಯಾಂಕ್ ರಿಪೇರಿಯಾದರೆ 50 ಪಿಪಿಎಂ ಕ್ಲೋರಿನ್ ತುಂಬಿ ನಾಲ್ಕು ಗಂಟೆ ಬಿಟ್ಟು, 5ಕ್ಕೆ ಇಳಿಯುವವರೆಗೆ ತೊಳೆದು ಹಾಕುತ್ತಾರೆ. ನೀರು ಬಳಸಬೇಡಿ ಅಂತ ಮೈಕಿನಲ್ಲಿ ಹೇಳಿದಾಗ ಕಿವಿಗೊಡಿ. ನದಿ ದೋಣಿ, ಹಳೆಯ ಚಿಕ್ಕ ಹಡಗುಗಳಲ್ಲಿ ಮೇಲಿನ ಯಾವ ಮಾತನ್ನೂ ಹಾಗೇ ಒಪ್ಪಿಕೊಳ್ಳದೆ ಕೇಳಿ ತಿಳಿದುಕೊಳ್ಳಿ. ದಡಕ್ಕೆ ಇಳಿದ ಮೇಲೆ ಆ ಊರಿನ ನೀರಿನ ಕಥೆಯೇ ಬೇರೆ. ರೋಗನಿರೋಧಕ ಶಕ್ತಿ ಕುಂದಿದವರು ಹೊರಡುವ ಮೊದಲೇ ವೈದ್ಯರನ್ನು ಕೇಳಲಿ.

ಪ್ಲಾಸ್ಟಿಕ್‌ನ ಒಂದು ಚೂರನ್ನೂ ಹಡಗಿನಿಂದ ಸಮುದ್ರಕ್ಕೆ ಎಸೆಯಬಾರದು ಅಂತ ಹಡಗುಗಳಿಂದಾಗುವ ಮಾಲಿನ್ಯ ತಡೆಯೋ ಅಂತರರಾಷ್ಟ್ರೀಯ ಮಾರ್ಪೋಲ್ ಒಪ್ಪಂದದ ಐದನೇ ಅನುಬಂಧ 1988ರ ಕೊನೆಯಿಂದ ಹೇಳ್ತಾ ಬಂದಿದೆ. ಹಾಗಾಗಿ ಈ ಖಾಲಿ ಬಾಟಲಿಗಳನ್ನೆಲ್ಲ ಹಡಗೇ ಒಟ್ಟುಮಾಡಿ, ಜಜ್ಜಿ, ಬಂದರಿನವರೆಗೆ ಹೊತ್ತುಕೊಂಡು ಹೋಗಬೇಕು. ತಾನೇ ಸಮುದ್ರದ ಮಧ್ಯೆ ನೀರು ತಯಾರಿಸೋ ಹಡಗು, ದಡದಿಂದ ಬಾಟಲಿ ನೀರು ಹೊತ್ತು ತಂದು, ಮಾರಿ, ಖಾಲಿ ಬಾಟಲಿಯನ್ನು ಮತ್ತೆ ದಡಕ್ಕೆ ಹೊರೋದು.

ಚೀಟಿಗೆ ಎರಡು ಸಾಲು ಸಾಕು: "ತಣ್ಣೀರಿನ ನಲ್ಲಿಯ ನೀರು ಕುಡಿಯಲು ಯೋಗ್ಯ, ಬಿಸಿನೀರು ಕುಡಿಯಬೇಡಿ. ಇವತ್ತಿನ ಕ್ಲೋರಿನ್ ಇಷ್ಟು." ಹೊಸದಾಗಿ ಅಚ್ಚು ಹಾಕಿಸೋ ಖರ್ಚೂ ಬೇಡ. ಆ ಟವೆಲ್ ಚೀಟಿಯ ಹಿಂಬದಿ ಖಾಲಿಯೇ ಇದೆ.