ಹಡಗಿನ ಕಡತ

ಇವತ್ತು ಬೆಳಗ್ಗೆ ಎಂಟೂಕಾಲಿಗೆ, ಮಗನ ಒಂದು ಕಾಲಿಗೆ ಸಾಕ್ಸ್ ಹಾಕಿ, ಇನ್ನೊಂದು ಕಾಲಿನದನ್ನು ಹುಡುಕುತ್ತಾ ಸೋಫಾದ ಕೆಳಗೆ ತಲೆ ತೂರಿಸಿದ್ದಾಗ ಫೋನ್ ಬಂತು. "ಸರ್, ಕೊನೆಯ ಎರಡೇ ಕ್ಯಾಬಿನ್ ಉಳಿದಿವೆ." ಮೂರು ವಾರದಿಂದ ಅದೇ ಎರಡು ಕ್ಯಾಬಿನ್ ಉಳಿದಿವೆ. ಕೆಳಗೆ ಸ್ಕೂಲ್ ವ್ಯಾನ್ ಹಾರ್ನ್ ಹೊಡೆಯುತ್ತಿತ್ತು. ಸಾಕ್ಸ್ ಸಿಗಲಿಲ್ಲ.

ತಪ್ಪು ನನ್ನದೇ. ರಾತ್ರಿ ನಿದ್ದೆ ಬಾರದೆ ಸುಮ್ನೆ ಮೊಬೈಲ್ ಉಜ್ಜುತ್ತಾ ಮಲಗಿದ್ದಾಗ ಜಾಹೀರಾತು ಬಂತು. ಮುಂಬೈನಿಂದ ಗೋವಾಕ್ಕೆ ಕ್ರೂಸ್, ಒಬ್ಬರಿಗೆ 19,999 ರೂಪಾಯಿ, ಮಕ್ಕಳಿಗೆ ಉಚಿತ. ದಸರಾ ರಜೆ ಹತ್ತಿರದಲ್ಲಿತ್ತು. ನಂಬರ್ ಕೊಟ್ಟುಬಿಟ್ಟೆ. ಬೆಂಗಳೂರಲ್ಲಿ ರಾತ್ರಿ ಬಸ್ ಹತ್ತಿದರೆ ಬೆಳಗ್ಗೆ ಗೋವಾದಲ್ಲಿ ಇಳಿಯಬಹುದು. ಅದನ್ನು ಬಿಟ್ಟು ವಿಮಾನದಲ್ಲಿ ಗೋವಾವನ್ನೂ ದಾಟಿ ಮುಂಬೈಗೆ ಹೋಗಿ, ಬಲ್ಲಾರ್ಡ್ ಪಿಯರ್‌ನಲ್ಲಿ ಹಡಗು ಹತ್ತಿ, ಮತ್ತೆ ಕೆಳಗೆ ಗೋವಾಕ್ಕೆ ಬರುವುದು. ಕೊಂಕಣ ಸುತ್ತಿ ಮೈಲಾರಕ್ಕೆ ಬಂದರು ಅಂತ ಗಾದೆ ಇದೆ. ನಾವು ಕೊಂಕಣ ಸುತ್ತಿ ಕೊಂಕಣಕ್ಕೇ ಬರುವವರು.

ನಾವು ಆರು ಜನ. ನಾನು, ಹೆಂಡತಿ, ಅಪ್ಪ, ಅಮ್ಮ, ಹತ್ತು ವರ್ಷದ ಮಗಳು, ಐದು ವರ್ಷದ ಮಗ. ನನ್ನ ಲೆಕ್ಕದಲ್ಲಿ ನಾಲ್ಕು ದೊಡ್ಡವರಿಗೆ 79,996. ಫೋನಿನವನ ಲೆಕ್ಕದಲ್ಲಿ ಅದು ಕಿಟಕಿಯಿಲ್ಲದ ರೂಮಿಗೆ. ಕಿಟಕಿ ಬೇಕಾದರೆ ಬೇರೆ ರೇಟು, ಬಾಲ್ಕನಿ ಬೇಕಾದರೆ ಇನ್ನೂ ಬೇರೆ. ಆಮೇಲೆ ಬಂದರು ಶುಲ್ಕ, ಜಿಎಸ್‌ಟಿ, ರಜಾದಿನದ ಹೆಚ್ಚುವರಿ, ಬಕ್ಷೀಸು. ಎಲ್ಲ ಸೇರಿ 1,68,400. ಇದರಲ್ಲಿ ವಿಮಾನ ಇಲ್ಲ, ವೈಫೈ ಕೂಡ ಇಲ್ಲ. ವೈಫೈ ಇಲ್ಲ ಅಂದಕೂಡಲೇ ಮಗಳ ಮುಖ ಹಡಗು ಮುಳುಗಿದವರ ಹಾಗಾಯಿತು.

ಇಲ್ಲಿಗೇ ಬಿಟ್ಟಿದ್ದರೆ ಮುಗೀತಿತ್ತು. ನಾನು ಷರತ್ತುಗಳ ಪ್ರತಿ ಕಳಿಸಿ ಅಂದೆ, 26 ಪುಟ ಬಂತು, ಅದನ್ನು ಅಪ್ಪ ನೋಡಿಬಿಟ್ಟರು.

ಅಪ್ಪ ತಾಲ್ಲೂಕು ಕಚೇರಿಯಲ್ಲಿ 34 ವರ್ಷ ಕೆಲಸ ಮಾಡಿದವರು. ಹಸಿರು ಇಂಕು ಗೆಜೆಟೆಡ್ ಅಧಿಕಾರಿಗಳದ್ದು ಅಂತ ಅಷ್ಟು ವರ್ಷವೂ ನೀಲಿಯಲ್ಲೇ ಬರೆದು, ನಿವೃತ್ತಿಯಾದ ವಾರವೇ ಹೋಗಿ ಹಸಿರು ಪೆನ್ನು ಕೊಂಡರು. ಅವತ್ತಿನಿಂದ ನಮ್ಮ ಮನೆಯಲ್ಲಿ ಕಾಗದ ಅಂತ ಇರುವ ಎಲ್ಲದರ ಮೇಲೂ ಅವರ ಷರಾ ಇದೆ. ಕ್ಯಾಲೆಂಡರಿನಲ್ಲಿ "14ರಂದು ಹಾಲು ಬಂದಿಲ್ಲ, ವಿಚಾರಿಸಿದೆ". ಮಗಳ ಅಂಕಪಟ್ಟಿಯಲ್ಲಿ ನನ್ನ ಸಹಿಯ ಕೆಳಗೆ "ಗಮನಿಸಿದೆ, ಗಣಿತದಲ್ಲಿ ಸುಧಾರಣೆ ಅಗತ್ಯ". ಹಳೆಯ ಮದುವೆ ಕಾಗದಗಳನ್ನೂ ಬಿಟ್ಟಿಲ್ಲ, "ಪಾಯಸ ಎರಡನೇ ಪಂಕ್ತಿಗೆ ಸಾಲಲಿಲ್ಲ" ಅಂತ ಬರೆದಿಟ್ಟಿದ್ದಾರೆ.

26 ಪುಟವನ್ನೂ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ತೂತು ಹೊಡೆದು, ಟ್ಯಾಗ್ ಕಟ್ಟಿ, ಕಡತಕ್ಕೆ ನಂಬರನ್ನೂ ಕೊಟ್ಟರು. ಮಕ್ಕಳಿಗೆ ಉಚಿತ ಆದರೆ ಶುಲ್ಕ ಮತ್ತು ತೆರಿಗೆ ಅನ್ವಯ ಎಂಬಲ್ಲಿ "ಉಚಿತ ಎಂಬ ಪದವನ್ನು ಯಾವ ಅರ್ಥದಲ್ಲಿ ಬಳಸಲಾಗಿದೆ?" ಹವಾಮಾನ ಸರಿಯಿಲ್ಲದಿದ್ದರೆ ಹಡಗು ನಿಗದಿತ ಬಂದರಿಗೆ ಹೋಗದೆ ಇರಬಹುದು, ಹಣ ವಾಪಸ್ ಇಲ್ಲ ಎಂಬಲ್ಲಿ "ಗೋವಾ ಬಾರದಿದ್ದಲ್ಲಿ ಇದನ್ನು ಗೋವಾ ಪ್ರವಾಸ ಎನ್ನಲು ಬರುವುದೇ? ಸ್ಪಷ್ಟೀಕರಣ ಪಡೆಯುವುದು." ಬಕ್ಷೀಸು ಕಡ್ಡಾಯ ಎಂಬುದರ ಪಕ್ಕದಲ್ಲಿ "ಕಡ್ಡಾಯ ಬಕ್ಷೀಸಿಗೆ ನನ್ನ ಸೇವಾವಧಿಯಲ್ಲಿ ಬೇರೆ ಹೆಸರಿತ್ತು." ಹೊರಗಿನ ತಿಂಡಿ, ವಿದ್ಯುತ್ ಕೆಟಲ್ ತರುವಂತಿಲ್ಲ ಎಂಬುದಕ್ಕೆ ಅಡಿಗೆರೆ ಎಳೆದು "ಮನೆಯವರ ಗಮನಕ್ಕೆ". ಅಮ್ಮ ಗಮನಿಸಿದರು. ಏನೂ ಮಾತಾಡದೆ ಚಟ್ನಿಪುಡಿ ಡಬ್ಬಿಯನ್ನು ದೊಡ್ಡ ಬ್ಯಾಗಿನಿಂದ ತೆಗೆದು ತಮ್ಮ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡರು. ಇನ್ನೂ ಟಿಕೆಟ್ಟೇ ಆಗಿರಲಿಲ್ಲ ಅನ್ನುವುದು ಬೇರೆ ಮಾತು. ಆಗುಂಬೆ ಘಾಟಿಯಲ್ಲಿ ನಾಲ್ಕನೇ ತಿರುವಿಗೇ ನಿಂಬೆಹಣ್ಣು ಕೇಳುವವರು ಸಮುದ್ರದಲ್ಲಿ ಚಟ್ನಿಪುಡಿ ತಿನ್ನುವ ಧೈರ್ಯ ಮಾಡಿದ್ದು ನನಗೆ ಹೆಮ್ಮೆಯ ವಿಷಯವೇ.

ಶನಿವಾರ ಫೋನ್ ಬಂದಾಗ ಅಪ್ಪ ಕಡತ ಬಿಚ್ಚಿಕೊಂಡು ಕೂತರು. ಸ್ಪೀಕರ್ ಹಾಕಿದೆ. ಅವರು ಕನ್ನಡಕ ಸರಿಮಾಡಿಕೊಂಡು "ಪುಟ ಮೂರು" ಅನ್ನುವಷ್ಟರಲ್ಲಿ ಮಗ ನುಗ್ಗಿ ಬಂದ. "ಅಂಕಲ್, ಹಡಗಲ್ಲಿ ಕಕ್ಕ ಮಾಡಿದ್ರೆ ಅದು ಎಲ್ಲಿಗೆ ಹೋಗುತ್ತೆ? ಮೀನು ತಿನ್ನುತ್ತಾ?"

ಆ ಕಡೆ ನಿಶ್ಶಬ್ದ. ಆಮೇಲೆ "ಸರ್, ಟೀಮ್ ಹತ್ರ ಕೇಳಿ ಹೇಳ್ತೀನಿ, ಒಂದ್ನಿಮಿಷ" ಅಂದು ಸಂಗೀತ ಹಾಕಿದರು. ನಾಲ್ಕು ನಿಮಿಷ ವೀಣೆಯೋ ಗಿಟಾರೋ ಗೊತ್ತಾಗದ ಆ ಸಂಗೀತ ಕೇಳುತ್ತಾ ನಾವು ಆರೂ ಜನ ಫೋನಿನ ಸುತ್ತ ನಿಂತಿದ್ದೆವು, ಮಂಗಳಾರತಿಗೆ ಕಾದ ಹಾಗೆ. ಯಾರಿಗೂ ಇಡುವ ಮನಸ್ಸಿಲ್ಲ. ಯಾಕೆಂದರೆ ಅಷ್ಟು ಹೊತ್ತಿಗೆ ಎಲ್ಲರಿಗೂ ಉತ್ತರ ಬೇಕಾಗಿತ್ತು. ಕೊನೆಗೆ ಬಂದವನು "ಸರ್, ಟೀಮ್ ಮೀಟಿಂಗ್‌ನಲ್ಲಿದೆ" ಅಂದ. ಅಪ್ಪ 26ನೇ ಪುಟದ ಹಿಂದೆ ಬರೆದುಕೊಂಡರು: "ಮಗುವಿನ ಪ್ರಶ್ನೆಗೆ ಉತ್ತರ ಬಾಕಿ."

ರಾತ್ರಿ ನಾನೇ ಹುಡುಕಿದೆ. ಹಡಗಿನಲ್ಲೇ ಶುದ್ಧೀಕರಿಸುವ ಘಟಕ ಇರುತ್ತದಂತೆ. ಶುದ್ಧೀಕರಿಸದ್ದನ್ನು ದಡದಿಂದ 12 ನಾಟಿಕಲ್ ಮೈಲಿಯೊಳಗೆ, ಅಂದರೆ ಸುಮಾರು 22 ಕಿಲೋಮೀಟರ್ ಒಳಗೆ, ಬಿಡುವಂತಿಲ್ಲ ಅಂತ ಅಂತರರಾಷ್ಟ್ರೀಯ ನಿಯಮವೇ ಇದೆ. ಅಪ್ಪನಿಗೆ ಹೇಳಿದೆ. "ನಿನ್ನ ಉತ್ತರ ಆಗಲ್ಲ. ಸಂಬಂಧಪಟ್ಟವರಿಂದ ಬರಬೇಕು" ಅಂದರು.

ಆಮೇಲೆ ಪೆನ್ನಿನ ಕ್ಯಾಪ್ ಹಾಕಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಲಾಂಚಿಗೆ ಇದ್ದಿದ್ದು ಒಂದೇ ಕಂಡಿಷನ್. ಹೊತ್ತಿಗೆ ಬಂದರೆ ಹತ್ತು, ಇಲ್ಲಾಂದ್ರೆ ಇಲ್ಲ" ಅಂದರು. ನಮ್ಮೂರು ತುಮರಿ ಕಡೆ, ಶರಾವತಿ ಹಿನ್ನೀರಿನ ಆಚೆ. ದಾಟಲು ಇದ್ದದ್ದು ಬಸ್ಸನ್ನೂ ಹೊರುವ ದೊಡ್ಡ ದೋಣಿ, ಅದೇ ಲಾಂಚ್. ಸಾಗರ ಪೇಟೆಯಿಂದ ಬರುವಾಗ ಕೊನೆಯ ಲಾಂಚ್ ತಪ್ಪಿದರೆ ರಾತ್ರಿ ಲಾಂಚ್ ಹತ್ತುವ ಹೊಳೆಬಾಗಿಲಿನ ಈಚೆಯೇ. ಬಸ್ಸು, ಜೀಪು, ಕರು, ಅಡಿಕೆ ಮೂಟೆ, ಸಿಗಂದೂರಿಗೆ ಹೊರಟವರು, ಎಲ್ಲ ಒಂದೇ ಹಲಗೆಯ ಮೇಲೆ. ಬೇಸಿಗೆಯಲ್ಲಿ ನೀರು ಇಳಿದರೆ ಬಸ್ಸು ಈ ದಡದಲ್ಲಿ, ಜನ ಆ ದಡದಲ್ಲಿ. ಆಗೆಲ್ಲ ಅದನ್ನು ಎಷ್ಟು ಬೈದಿದ್ದೇವೆ! 2025ರ ಜುಲೈನಲ್ಲಿ ಸೇತುವೆ ಆಯಿತು, ಎರಡು ಕಿಲೋಮೀಟರಿಗೂ ಉದ್ದ. ಕಾರಿನಲ್ಲಿ ಮೂರು ನಿಮಿಷಕ್ಕೆ ದಾಟಿದೆವು. ಅಪ್ಪ ಕಿಟಕಿ ಇಳಿಸಿ ನೀರು ನೋಡುತ್ತಿದ್ದವರು "ಮುಗೀತಾ?" ಅಂದರು, ಅಷ್ಟೇ. ಮಗ ನಿದ್ದೆ ಮಾಡುತ್ತಿದ್ದ. ಅವನು ಒಂದು ಸಲವೂ ಲಾಂಚ್ ಹತ್ತಲಿಲ್ಲ.

ಇವತ್ತು ಬೆಳಗ್ಗಿನ ಫೋನಿಗೆ ಬರ್ತೀನಿ. ನಾನು ಸೋಫಾ ಕೆಳಗಿಂದ "ಬೇಡ ಅಂತ ಹೇಳು" ಅಂತ ಕೂಗಿದೆ, ಹೆಂಡತಿಗೆ. ಆದರೆ ಫೋನ್ ಹಿಡಿದಿದ್ದವನು ಮಗ, ಒಂದೇ ಸಾಕ್ಸ್‌ನಲ್ಲಿ. "ಅಂಕಲ್, ಟೀಮ್ ಮೀಟಿಂಗ್ ಮುಗೀತಾ?"

ಲೈನ್ ಕಟ್ಟಾಯಿತು. ಅದಾದ ಮೇಲೆ ಇಷ್ಟು ಹೊತ್ತಾದರೂ ಫೋನ್ ಬಂದಿಲ್ಲ. ಮೂರು ವಾರದಲ್ಲಿ ಇದೇ ಮೊದಲು. ಅಪ್ಪನಿಗೆ ಮಾತ್ರ ಸಮಾಧಾನ ಇಲ್ಲ. ಮಧ್ಯಾಹ್ನ ಊಟ ಆದಮೇಲೆ ಕಡತ ತೆಗೆದು, ಹಸಿರು ಪೆನ್ನಿನಲ್ಲಿ "ಜ್ಞಾಪನ ಕಳಿಸುವುದು" ಅಂತ ಬರೆದು, ನನ್ನ ಲ್ಯಾಪ್‌ಟಾಪಿನ ಮೇಲೆ ಇಟ್ಟು ಹೋಗಿದ್ದಾರೆ.