ಪಿಜಿ ವೈದ್ಯರ ಡ್ಯೂಟಿಗೆ ಗಂಟೆಯ ಮಿತಿ ಬೇಕಾ?

ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು 1961ರದ್ದು. ರಾಯಚೂರಿನ ರಿಮ್ಸ್ ಕಾಲೇಜು 2007ರಲ್ಲಿ ಬಂತು, ಕೊಪ್ಪಳದ ಕಾಲೇಜು 2015ರಲ್ಲಿ. ಯಾವುದೇ ಬೋಧನಾ ಆಸ್ಪತ್ರೆಗೆ ರಾತ್ರಿ ಹೊತ್ತು ರೋಗಿಯನ್ನು ಕರೆದೊಯ್ದವರಿಗೆ ಗೊತ್ತು, ಮೊದಲು ಕೈ ಹಿಡಿದು ನಾಡಿ ನೋಡೋದು ಎಂಬಿಬಿಎಸ್‌ನ ಕೊನೆಯ ತರಬೇತಿಯಲ್ಲಿರುವ ಹೌಸ್ ಸರ್ಜನ್, ಇಲ್ಲವೇ ಸ್ನಾತಕೋತ್ತರ ಓದುವ ಪಿಜಿ. ಅಂದರೆ ಓದುತ್ತಲೇ ದುಡಿಯುವ ಹುಡುಗ ಹುಡುಗಿಯರು. ದೇಶದ ಯಾವ ಮೂಲೆಗೆ ಹೋದರೂ ಹೀಗೇ. ಅವರ ಡ್ಯೂಟಿ ಒಮ್ಮೊಮ್ಮೆ 24 ಗಂಟೆ, ಒಮ್ಮೊಮ್ಮೆ 36.

ಕಾಗದದ ಮೇಲೆ ಮಿತಿ ಹೊಸದೇನಲ್ಲ. 1992ರ ಕೇಂದ್ರದ ಆದೇಶ, ಸಾಮಾನ್ಯವಾಗಿ ಒಂದೇ ಸಮನೆ 12 ಗಂಟೆಗಿಂತ ಜಾಸ್ತಿ ದುಡಿಸಬಾರದು ಅಂದಿತ್ತು. 2023ರ ಪಿಜಿ ನಿಯಮಗಳು ಡ್ಯೂಟಿಯೂ ವಿಶ್ರಾಂತಿಯೂ ನ್ಯಾಯವಾಗಿರಬೇಕು ಅಂತ ಹೇಳಿ, ಗಂಟೆ ಎಷ್ಟು ಅಂತ ಹಾಕದೆ ಬಿಟ್ಟವು. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ವಾರಕ್ಕೆ 74 ಗಂಟೆ ಸಾಕು, ವಾರಕ್ಕೊಂದು ರಜೆ ಇರಲಿ ಅಂತ ಸಲಹೆ ಕೊಟ್ಟಿತು. ಈ ಸಲಹೆಯನ್ನು, ಮೀರಿದರೆ ಕಾಲೇಜಿಗೆ ದಂಡ ಬೀಳುವ ಕಟ್ಟುನಿಟ್ಟಿನ ನಿಯಮ ಮಾಡಬೇಕಾ? ಈಚೆಗಷ್ಟೇ ಪಿಜಿ ಮುಗಿಸಿದ ಕಿರಿಯ ವೈದ್ಯೆಯೊಬ್ಬರು ಮಾಡಲೇಬೇಕು ಅನ್ನುತ್ತಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಬಹುಕಾಲ ದುಡಿದ ಹಿರಿಯ ವೈದ್ಯರೊಬ್ಬರು ಬೇಡ ಅನ್ನುತ್ತಾರೆ.

ಪರ: ನಿದ್ದೆಗೆಟ್ಟವರ ಕೈಗೆ ರೋಗಿಯನ್ನು ಕೊಡಬೇಡಿ

ಹಾವು ಕಚ್ಚಿದ ಕೇಸಿನಿಂದಲೇ ಶುರು ಮಾಡ್ತೀನಿ. ಗಂಗಾವತಿ, ಕಾರಟಗಿ, ಸಿಂಧನೂರು ಅಂದರೆ ತುಂಗಭದ್ರೆಯ ಕಾಲುವೆ, ಭತ್ತದ ಗದ್ದೆ, ಗದ್ದೆಗೆ ಇಲಿ, ಇಲಿಯ ಹಿಂದೆ ಹಾವು. ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಕರ್ನಾಟಕ ಸರ್ಕಾರ 2024ರಲ್ಲಿ ನಿಯಮ ಮಾಡಿತು. ಒಳ್ಳೇದೇ ಆಯಿತು. ಆದರೆ ನೀರು ಕಟ್ಟಲು ಹೋದ ರೈತನನ್ನು ರಾತ್ರಿ ಎರಡಕ್ಕೆ ಹೊತ್ತು ತಂದಾಗ ವಾರ್ಡಿನಲ್ಲಿ ಏನು ನಡೆಯುತ್ತೆ ಗೊತ್ತಾ? ಒಣಗಿದ ಗಾಜಿನ ಕೊಳವೆಯಲ್ಲಿ ಸ್ವಲ್ಪ ರಕ್ತ ಹಾಕಿ, 20 ನಿಮಿಷ ಅಲುಗಾಡಿಸದೆ ಇಡಬೇಕು. ಹೆಪ್ಪುಗಟ್ಟಲಿಲ್ಲ ಅಂದರೆ ವಿಷ ರಕ್ತವನ್ನು ಕೆಡಿಸಿದೆ ಅಂತ ಅರ್ಥ. ಆ್ಯಂಟಿ ವೆನಮ್ ಹಾಕಬೇಕು. ಆರು ಗಂಟೆ ಬಿಟ್ಟು ಮತ್ತೆ ಅದೇ ಪರೀಕ್ಷೆ. ಈ ಪರೀಕ್ಷೆಗೆ ಯಾವ ಮಷಿನ್ನೂ ಬೇಡ. ನೆನಪಿಟ್ಟುಕೊಂಡು ಮಾಡುವವರು ಬೇಕು, ಅಷ್ಟೇ. ಬೆಳಿಗ್ಗೆ ಎಂಟಕ್ಕೆ ಆ ಎರಡನೇ ಪರೀಕ್ಷೆ ಮಾಡಬೇಕಾದವಳು ಹಿಂದಿನ ಬೆಳಿಗ್ಗೆ ಎಂಟಕ್ಕೇ ಡ್ಯೂಟಿಗೆ ಬಂದವಳು. ನಡುವೆ ಒಂದು ಒಪಿಡಿ ಮುಗಿಸಿದ್ದಾಳೆ, ಟ್ರ್ಯಾಕ್ಟರ್ ಪಲ್ಟಿಯಾದವರನ್ನು ನೋಡಿದ್ದಾಳೆ, ಪೊಲೀಸ್ ಕೇಸಿಗೆ ಬೇಕಾಗುವ ಎರಡು ಎಂಎಲ್‌ಸಿ ವರದಿ ಬರೆದಿದ್ದಾಳೆ. ಊಟದ ಡಬ್ಬಿ ತೆರೆದಿಲ್ಲ.

ನಾನು ಪಿಜಿ ಮಾಡುವಾಗ ಕೇಸ್ ಶೀಟಿನ ಮೇಲೆ ಪೆನ್ನು ಹಿಡಿದುಕೊಂಡೇ ಕಣ್ಣು ಮುಚ್ಚಿಕೊಂಡಿದ್ದಿದೆ. ನರ್ಸ್ ಅಕ್ಕ ಭುಜ ಮುಟ್ಟಿ ಎಬ್ಬಿಸುತ್ತಿದ್ದರು. ಎಲ್ಲರಿಗೂ ಇದು ತಮಾಷೆಯ ವಿಷಯ. ಹಿರಿಯರಂತೂ "ನಾವೂ ಹಿಂಗೇ ಬಂದೀವಮ್ಮಾ" ಅಂದುಬಿಡುತ್ತಾರೆ. ಹಾಗೆ ಬಂದವರಿಂದ ಎಷ್ಟು ರೋಗಿಗಳಿಗೆ ತೊಂದರೆಯಾಯಿತು ಅಂತ ಯಾರೂ ಲೆಕ್ಕ ಇಟ್ಟಿಲ್ಲ, ಅಲ್ವಾ?

ಲೆಕ್ಕ ಇಟ್ಟವರು ಬೇರೆ ಕಡೆ ಇದ್ದಾರೆ. 1997ರಲ್ಲಿ ಇಬ್ಬರು ಸಂಶೋಧಕರು ನಿದ್ದೆ ಬಿಟ್ಟವರ ಕೈ-ಕಣ್ಣಿನ ಚುರುಕನ್ನು ಕುಡಿದವರ ಚುರುಕಿನ ಜೊತೆ ಇಟ್ಟು ನೋಡಿದರು. 24 ಗಂಟೆ ಎಚ್ಚರ ಇದ್ದವರ ಸ್ಥಿತಿ, 100 ಮಿ.ಲೀ. ರಕ್ತದಲ್ಲಿ 100 ಮಿ.ಗ್ರಾಂ ಮದ್ಯ ಇರುವವರಷ್ಟಿತ್ತು. ನಮ್ಮಲ್ಲಿ ಬೈಕ್ ಸವಾರನನ್ನು ಪೊಲೀಸರು ಹಿಡಿಯುವ ಮಿತಿ 30 ಮಿ.ಗ್ರಾಂ! 2004ರಲ್ಲಿ ಬೋಸ್ಟನ್ನಿನ ಒಂದು ಆಸ್ಪತ್ರೆಯ ಐಸಿಯುನಲ್ಲಿ, ಹಳೇ ಪದ್ಧತಿಯ ಉದ್ದ ಡ್ಯೂಟಿ ಮಾಡಿದ ಇಂಟರ್ನ್‌ಗಳು ಕಡಿಮೆ ಗಂಟೆ ದುಡಿದಾಗಿನದಕ್ಕಿಂತ ಶೇ 36ರಷ್ಟು ಜಾಸ್ತಿ ಗಂಭೀರ ತಪ್ಪು ಮಾಡಿದ್ದು ಕಂಡುಬಂತು. ಮಾರನೇ ವರ್ಷ ಇನ್ನೊಂದು ಅಧ್ಯಯನ ಬಂತು. ಉದ್ದ ಡ್ಯೂಟಿ ಮುಗಿಸಿ ಮನೆಗೆ ಹೊರಟ ಇಂಟರ್ನ್‌ಗಳಿಗೆ ದಾರಿಯಲ್ಲಿ ಅಪಘಾತ ಆಗುವ ಸಾಧ್ಯತೆ ಎರಡು ಪಟ್ಟಿಗಿಂತ ಜಾಸ್ತಿ.

ಇನ್ನು ಮನಸ್ಸಿನ ಮಾತು. ಮೇಲೆ ಹೇಳಿದ 74 ಗಂಟೆಯ ಸಲಹೆ ಬಂದದ್ದೇ ವೈದ್ಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ನೋಡಲು ನೇಮಿಸಿದ ಕಾರ್ಯಪಡೆಯಿಂದ. ಅದರ ಸಮೀಕ್ಷೆಯಲ್ಲಿ ಎಂಬಿಬಿಎಸ್ ಓದುವವರಲ್ಲಿ ಶೇ 27.8 ಮಂದಿ, ಪಿಜಿಗಳಲ್ಲಿ ಶೇ 15.3 ಮಂದಿ ತಮಗೆ ಮಾನಸಿಕ ಕಾಯಿಲೆ ಇದೆ ಅಂದಿದ್ದರು. ಅದೇ 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದಲ್ಲಿ ಕೊಲೆಯಾದ ವೈದ್ಯೆ 36 ಗಂಟೆಯ ಡ್ಯೂಟಿಯ ನಡುವೆ ಸೆಮಿನಾರ್ ಹಾಲ್‌ನಲ್ಲಿ ಮಲಗಿದ್ದಳು. ಮಲಗಲು ಒಂದು ಬೀಗ ಇರುವ ರೂಮು ಇರಬೇಕು ಅನ್ನೋದಕ್ಕೂ ಒಬ್ಬಳ ಜೀವ ಹೋಗಬೇಕಾಯಿತು.

ಮಿತಿಗೆ ವಿರುದ್ಧ ಯಾವಾಗಲೂ ಬರುವ ಮಾತು ಒಂದೇ: ಜನ ಎಲ್ಲಿದ್ದಾರೆ, ಮೊದಲು ಹುದ್ದೆ ತುಂಬಲಿ. ನನ್ನ ಉತ್ತರ ಉಲ್ಟಾ. ನಿಯಮ ಬಂದರೇನೇ ಹುದ್ದೆ ತುಂಬೋದು. ಆಯೋಗದ ತಪಾಸಣೆಗೆ ಯಾಕೆ ಎಲ್ಲರೂ ಹೆದರುತ್ತಾರೆ? ಬೋಧಕರ ಸಂಖ್ಯೆ ಕಡಿಮೆ ಬಿದ್ದರೆ ಸೀಟಿಗೆ ಕುತ್ತು ಅಂತ. ಆ ಹೆದರಿಕೆ ಇರುವುದರಿಂದಲೇ ಬೋಧಕರ ಹುದ್ದೆಯ ಕಡತ ಬೆಂಗಳೂರಿನಲ್ಲಿ ಅಲುಗಾಡುತ್ತೆ. ವಾರ್ಡಿನಲ್ಲಿ ರಾತ್ರಿ ಕೆಲಸ ಮಾಡುವ ರೆಸಿಡೆಂಟ್ ಹುದ್ದೆಗೆ ಅಂಥ ಹೆದರಿಕೆಯೇ ಇಲ್ಲ. ಯಾಕಂದರೆ ಇರುವವರೇ ಇನ್ನೂ ಹನ್ನೆರಡು ಗಂಟೆ ಎಳೀತಾರೆ. ನಾವು ಎಳೆಯೋವರೆಗೆ ಖಾಲಿ ಹುದ್ದೆ ಯಾರ ಕಣ್ಣಿಗೂ ಬೀಳಲ್ಲ. 1992ರ ಆದೇಶಕ್ಕೆ ಹಲ್ಲಿರಲಿಲ್ಲ, ಅದಕ್ಕೇ ಮೂರು ದಶಕ ಸುಮ್ನೆ ಬಿದ್ದಿತ್ತು.

ಡ್ಯೂಟಿ ಬದಲಾದಾಗ ರೋಗಿಯ ವಿಷಯ ಕೈ ತಪ್ಪಿ ಹೋಗುತ್ತೆ ಅನ್ನುವ ಭಯ ನಿಜವಾದದ್ದು. ಆದರೆ ಅದಕ್ಕೆ ಮದ್ದಿದೆ. ಅಮೆರಿಕ ಮತ್ತು ಕೆನಡಾದ 9 ಮಕ್ಕಳ ವಿಭಾಗಗಳಲ್ಲಿ, ಒಬ್ಬರು ಇನ್ನೊಬ್ಬರಿಗೆ ರೋಗಿಯನ್ನು ಒಪ್ಪಿಸುವ ಕ್ರಮವನ್ನು ಕಲಿಸಿ ರೂಢಿ ಮಾಡಿದರು. 2014ರಲ್ಲಿ ಬಂದ ಫಲಿತಾಂಶ: ವೈದ್ಯಕೀಯ ತಪ್ಪುಗಳು ಶೇ 23 ಇಳಿದವು. ಇದಕ್ಕೆ ಕಟ್ಟಡ ಬೇಡ, ಟೆಂಡರ್ ಬೇಡ. ಒಂದು ಹಾಳೆ ಮತ್ತು ಕಾಲು ಗಂಟೆ ಸಾಕು.

ವಿರೋಧ: ಗಡಿಯಾರ ಬರುವ ಮೊದಲು ಜನ ಬರಲಿ

"ನಾವೂ ಹಿಂಗೇ ಬಂದೀವಿ" ಅಂತ ನಾನು ಹೇಳಲ್ಲ. ಅದರಲ್ಲಿ ವಾದ ಇಲ್ಲ, ಹಳೇ ಸೇಡಿದೆ. ಪಿಜಿ ಮಕ್ಕಳಿಗೆ ನಿದ್ದೆ ಬೇಕು ಅನ್ನೋದರಲ್ಲೂ ನನಗೆ ತಕರಾರಿಲ್ಲ.

ನನ್ನ ತಕರಾರು ಇನ್ನೊಬ್ಬ ರೋಗಿಯಿಂದ ಶುರುವಾಗುತ್ತೆ. ಹತ್ತಿ, ಮೆಣಸಿನಕಾಯಿ ಬೆಳೆಯುವ ಊರು ನಮ್ಮವು. ಬೆಳೆಗೆ ಹೊಡೆಯುವ ಎಣ್ಣೆ ಮೈಗೆ ಹತ್ತಿದವರು, ಹೊಟ್ಟೆಗೆ ಹೋದವರು ಬರುತ್ತಲೇ ಇರುತ್ತಾರೆ. ಬಾಯಲ್ಲಿ ನೊರೆ, ಎದೆಯಲ್ಲಿ ಗೊರಗೊರ. ಅಟ್ರೋಪಿನ್ ಅನ್ನುವ ಮದ್ದು ಕೊಡಬೇಕು. ಐದೈದು ನಿಮಿಷಕ್ಕೆ ನೋಡಿ, ಸಾಲದಿದ್ದರೆ ಪ್ರಮಾಣ ಎರಡು ಪಟ್ಟು ಮಾಡುತ್ತಾ, ಎದೆ ಒಣಗುವವರೆಗೆ. ಜಾಸ್ತಿಯಾದರೆ ರೋಗಿ ಜ್ವರ ಬಂದು ಬಡಬಡಿಸುತ್ತಾನೆ, ಕಡಿಮೆಯಾದರೆ ಉಸಿರುಗಟ್ಟುತ್ತಾನೆ. ಅದು ದಾಟಿತು ಅಂದುಕೊಳ್ಳಿ. ಎರಡನೇ, ಮೂರನೇ ದಿನ ಎದ್ದು ಮಾತಾಡುತ್ತಾನೆ. "ಇನ್ನ ಊರಿಗೆ ಕರ್ಕೊಂಡ್ ಹೋಗಬೌದೇನ್ರೀ ಡಾಕ್ಟ್ರೇ?" ಅಂತ ಮನೆಯವರು ಕೇಳುತ್ತಾರೆ. ಅಪಾಯ ಇರೋದು ಆಗಲೇ. ಕತ್ತಿನ ಸ್ನಾಯು ಸೋಲುತ್ತವೆ, ದಿಂಬಿನಿಂದ ತಲೆ ಎತ್ತಲು ಆಗಲ್ಲ. ಅದು ಕಣ್ಣಿಗೆ ಬೀಳದಿದ್ದರೆ ಮುಂದೆ ಉಸಿರೇ ನಿಲ್ಲಬಹುದು. ನಿನ್ನೆ ಅವನು ಹೇಗೆ ತಲೆ ಎತ್ತಿದ್ದ ಅಂತ ನೋಡಿದವರಿಗೆ ಇವತ್ತಿನ ವ್ಯತ್ಯಾಸ ತಟ್ಟನೆ ಗೊತ್ತಾಗುತ್ತೆ. ಹಾಳೆ ಓದಿದವರಿಗೆ ಅಷ್ಟು ಬೇಗ ಗೊತ್ತಾಗಲ್ಲ.

ಒಪ್ಪಿಸುವ ಕ್ರಮ ಕಲಿಸಿ ಅಂತಾರೆ. ಕಲಿಸೋಣ. ಆದರೆ ಒಪ್ಪಿಸೋದು ಯಾರಿಗೆ? ವಾರಕ್ಕೆ 168 ಗಂಟೆ. ಒಂದು ವಾರ್ಡಿನಲ್ಲಿ ಸದಾ ಇಬ್ಬರು ಇರಬೇಕು ಅಂದರೆ 336 ಗಂಟೆ. 74ರ ಮಿತಿಯಲ್ಲಿ ಆ ಒಂದು ವಾರ್ಡಿಗೇ ಐದು ಜನ ಬೇಕು. ಒಪಿಡಿ, ಆಪರೇಷನ್ ಥಿಯೇಟರ್, ಕ್ಯಾಜುವಾಲ್ಟಿ ಬೇರೆ. ಪರೀಕ್ಷೆಯ ರಜೆ ಬೇರೆ. ಪ್ರತಿ ಪಿಜಿಯೂ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಗೆ ಹೋಗಬೇಕು ಅನ್ನುವ ನಿಯಮ ಬೇರೆ. ಬಳ್ಳಾರಿಯ ಕ್ಯಾಜುವಾಲ್ಟಿಗೆ ಬರೋದು ಬಳ್ಳಾರಿಯವರಷ್ಟೇ ಅಲ್ಲ. ಗುಂತಕಲ್ಲು, ರಾಯದುರ್ಗ, ಆದೋನಿಯಿಂದಲೂ ಬರುತ್ತಾರೆ. ಸಂಡೂರಿನ ಗಣಿ ಲಾರಿ, ತೋರಣಗಲ್ಲಿನ ಕಾರ್ಖಾನೆಗಳು ಬೇರೆ ಇವೆ. ಆ ಜನ ಪಿಜಿಯ ಗಂಟೆ ಮುಗಿಯಿತು ಅಂತ ವಾಪಸ್ ಹೋಗಲ್ಲ. ಬೆಂಗಳೂರು 300 ಕಿಲೋಮೀಟರ್.

ಹೀಗಾದಾಗ ಏನಾಗುತ್ತೆ ಅಂತ ಸರ್ಕಾರಿ ಕೆಲಸದಲ್ಲಿ ಇದ್ದವರಿಗೆ ಹೇಳಿಕೊಡಬೇಕಾ? ಎರಡು ರಿಜಿಸ್ಟರ್ ಬರುತ್ತವೆ. ಒಂದರಲ್ಲಿ 74 ಗಂಟೆ, ಇನ್ನೊಂದರಲ್ಲಿ ನಿಜ. ನಿಜದ ರಿಜಿಸ್ಟರ್‌ಗೆ ಸಹಿ ಹಾಕುವ ಧೈರ್ಯ ಪಿಜಿಗೆ ಇರಲ್ಲ, ಥೀಸಿಸ್ಸಿಗೆ ವಿಭಾಗದ ಹಿರಿಯರ ಸಹಿ ಬೇಕಲ್ಲ. ಇಲ್ಲವೇ ಭಾರ ಇನ್ನೂ ಕೆಳಗಿಳಿದು ಹೌಸ್ ಸರ್ಜನ್ ತಲೆಗೆ ಬೀಳುತ್ತೆ. ಅವನಿಗೆ ಅಟ್ರೋಪಿನ್ ಲೆಕ್ಕ ಇನ್ನೂ ಬಂದಿರಲ್ಲ.

ದಂಡ ಅಂತ ಸೀಟು ಕಡಿದರೆ ನಷ್ಟ ಯಾರಿಗೆ? ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371 ಜೆ ವಿಧಿ ಬಂದ ಮೇಲೆ ಈ ಭಾಗದ ಕಾಲೇಜುಗಳಲ್ಲಿ ರಾಜ್ಯದ ಪಾಲಿನ ಸೀಟಿನಲ್ಲಿ ಶೇ 70 ಇಲ್ಲಿನ ಮಕ್ಕಳಿಗೇ. ದೇವದುರ್ಗ, ಕುಷ್ಟಗಿಯ ಹುಡುಗಿ ಪಿಜಿ ಮುಗಿಸಿದರೆ ಇಲ್ಲೇ ಉಳಿಯುವ ಸಂಭವ ಉಂಟು. ಹುದ್ದೆ ಕೊಡದ ತಪ್ಪು ಸರ್ಕಾರದ್ದು, ಸೀಟು ಹೋಗುವುದು ಅವಳದ್ದು. ಏಮ್ಸ್ ಬೇಕು ಅಂತ ರಾಯಚೂರಿನ ಜನ 2022ರ ಮೇ ತಿಂಗಳಲ್ಲಿ ಧರಣಿ ಕೂತವರು. ಇರುವ ಕಾಲೇಜಿನ ಸೀಟು ಕಡಿಯುವ ನಿಯಮವನ್ನು ಅವರ ಮುಂದೆ ಹೋಗಿ ಸಮರ್ಥಿಸಿ ನೋಡಿ.

ಅಧ್ಯಯನಗಳ ಮಾತೂ ಬಂತು. ಬೋಸ್ಟನ್ನಿನ ಫಲಿತಾಂಶ ಒಂದು ಆಸ್ಪತ್ರೆಯದು. ಆಮೇಲೆ ಅದೇ ಅಮೆರಿಕದಲ್ಲಿ ಇನ್ನೂ ದೊಡ್ಡದಾಗಿ ನೋಡಿದರು. 117 ಸರ್ಜರಿ ತರಬೇತಿ ಕಾರ್ಯಕ್ರಮಗಳಲ್ಲಿ ನಡೆದ ಪ್ರಯೋಗದ ಫಲಿತಾಂಶ 2016ರಲ್ಲಿ ಬಂತು. 63 ಮೆಡಿಸಿನ್ ಕಾರ್ಯಕ್ರಮಗಳದ್ದು ಅದಾದ ಮೂರು ವರ್ಷಕ್ಕೆ. ಡ್ಯೂಟಿ ಉದ್ದವಾಗಲು ಬಿಟ್ಟ ಕಡೆ ಸಾವು ಜಾಸ್ತಿಯಾಗಲಿಲ್ಲ. ಇಂಟರ್ನ್‌ಗಳಿಗೆ ಹಾಕಿದ್ದ 16 ಗಂಟೆಯ ಮಿತಿಯನ್ನು 2017ರಲ್ಲಿ ಸಡಿಲ ಮಾಡಿದರು. ಅಲ್ಲಿ ಡ್ಯೂಟಿ ಬಿಗಿ ಇಟ್ಟ ಕಡೆ, ಸಡಿಲ ಬಿಟ್ಟ ಕಡೆ ಎರಡರಲ್ಲೂ ವಾರಕ್ಕೆ 80 ಗಂಟೆಯ ಮಿತಿ ಇತ್ತು, ನಮ್ಮದು ಅದಕ್ಕಿಂತ ಹದಗೆಟ್ಟ ಸ್ಥಿತಿ ಅಂತ ನನ್ನ ಎದುರಾಳಿ ಹೇಳಬಹುದು. ಸರಿಯೇ. ಅಲ್ಲಿಯ ಸಾವಿನ ಲೆಕ್ಕ ನಮಗೆ ಸಲ್ಲದಿದ್ದರೆ ಅಲ್ಲಿಯ ತಪ್ಪಿನ ಲೆಕ್ಕವೂ ಸಲ್ಲಬಾರದು.

ರೋಗಿಯ ಸುರಕ್ಷತೆ ಗಂಟೆಯೊಂದರಲ್ಲೇ ಇಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಹೋದರು, ಐವರು. ಸಂಶಯ ಹೋಗಿದ್ದು ಡ್ರಿಪ್‌ನಲ್ಲಿ ಕೊಟ್ಟ ದ್ರಾವಣದ ಮೇಲೆ. ಎಷ್ಟು ನಿದ್ದೆ ಮಾಡಿ ಬಂದ ವೈದ್ಯರೂ ಬಾಟ್ಲಿಯ ಹೊರಗಿನಿಂದ ಅದನ್ನು ಕಂಡುಹಿಡಿಯಲಾರರು.

ಪಿಜಿಯನ್ನು ನಿಜಕ್ಕೂ ಸುಸ್ತು ಮಾಡೋದು ಏನು ಅಂತ ವಾರ್ಡಿನಲ್ಲಿ ನಿಂತು ನೋಡಿ. ರಕ್ತ ತೆಗೆದು ಲ್ಯಾಬಿಗೆ ತಾನೇ ಓಡುತ್ತಾನೆ. ಬ್ಲಡ್ ಬ್ಯಾಂಕ್ ಕಿಟಕಿಯಲ್ಲಿ ನಿಲ್ಲುತ್ತಾನೆ. ಟ್ರಾಲಿ ನೂಕುತ್ತಾನೆ. ಆರೋಗ್ಯ ಯೋಜನೆಯ ಮಂಜೂರಾತಿಗೆ ಕಂಪ್ಯೂಟರ್ ಮುಂದೆ ಕೂತು ಸ್ಕ್ಯಾನ್ ಮಾಡಿ ಹಾಕುತ್ತಾನೆ. ನಡುವೆ ರೋಗಿಯ ಕಡೆಯವರ ಬೈಗುಳ. ವೈದ್ಯರ ಮೇಲೆ ಕೈ ಮಾಡಿದರೆ ಶಿಕ್ಷೆ ಅಂತ ರಾಜ್ಯದಲ್ಲಿ 2009ರಿಂದ ಕಾನೂನಿದೆ. ಆದರೆ ರಾತ್ರಿ ಬಾಗಿಲಲ್ಲಿ ನಿಲ್ಲುವ ಕಾವಲುಗಾರ ಇಲ್ಲದಿದ್ದರೆ ಅದರಿಂದ ಏನು ಪ್ರಯೋಜನ? ರಕ್ತ ತೆಗೆಯಲು ಒಬ್ಬ, ಕಾಗದಕ್ಕೆ ಒಬ್ಬ, ಬಾಗಿಲಿಗೆ ಒಬ್ಬ, ರಾತ್ರಿ ಹನ್ನೊಂದಕ್ಕೆ ಬಿಸಿ ಊಟ, ಬೀಗ ಇರುವ ರೂಮು. ಇಷ್ಟು ಕೊಟ್ಟರೆ ಈಗಿರುವ ಜನರಿಗೇ ರಾತ್ರಿ ಒಂದಷ್ಟು ನಿದ್ದೆ ಸಿಗುತ್ತೆ. ಇದಕ್ಕೆ ದೆಹಲಿಯ ನಿಯಮವೂ ಬೇಡ.

ಕೊನೆಗೆ, ಈ ಚರ್ಚೆಯಲ್ಲಿ ಯಾರೂ ಹೆಸರೆತ್ತದ ಒಬ್ಬರಿದ್ದಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬರೇ ಇರುವ ಹೆರಿಗೆ ತಜ್ಞೆ. ಅವರು ಪಿಜಿ ಅಲ್ಲ, ಹಾಗಾಗಿ 74 ಗಂಟೆ ಅವರಿಗೆ ಅನ್ವಯಿಸಲ್ಲ. ಫೋನು ತಲೆದಿಂಬಿನ ಪಕ್ಕ, ಮಗಳ ಮದುವೆಗೂ ಬದಲಿ ವ್ಯವಸ್ಥೆ ಮಾಡಿ ಹೋಗಬೇಕು. ಅರಿವಳಿಕೆ ಕೊಡುವವರು ಆ ದಿನ ರಜೆ ಇದ್ದರೆ ಗರ್ಭಿಣಿ 108ರಲ್ಲಿ ದೊಡ್ಡಾಸ್ಪತ್ರೆಗೆ, ಅಂದರೆ ಅದೇ ಪಿಜಿಯ ಬಳಿಗೆ. ದೊಡ್ಡಾಸ್ಪತ್ರೆಯ ರಾತ್ರಿ ಉದ್ದವಾಗುವುದೇ ಹೀಗೆ. ಮಿತಿ ತರುವುದಾದರೆ ಈ ಕಡೆಯಿಂದ ತನ್ನಿ. ಪ್ರತಿ ತಾಲ್ಲೂಕು ಆಸ್ಪತ್ರೆಗೆ ಇಬ್ಬರು ಹೆರಿಗೆ ತಜ್ಞರು, ಇಬ್ಬರು ಅರಿವಳಿಕೆ ತಜ್ಞರು ಬಂದು ಒಂದು ವರ್ಷ ಉಳಿದರೆ, ಪಿಜಿಯ 74 ಗಂಟೆಯ ಕಾಗದಕ್ಕೆ ನಾನೂ ಸಹಿ ಹಾಕುತ್ತೇನೆ.