ಲಾಳಿಕೆ ಎಲ್ಲಿ?

ಇವತ್ತು ಬೆಳಿಗ್ಗೆ ಗಿಡಗಳಿಗೆ ನೀರು ಬಿಡೋಣವೆಂದು ಹಿತ್ತಲಿಗೆ ಹೋದರೆ ಪೈಪೇ ಇಲ್ಲ. ನಲ್ಲಿ ಇದೆ, ನಲ್ಲಿಗೆ ಬಿಗಿಯುವ ಕ್ಲಿಪ್ಪೂ ಇದೆ, ಪೈಪು ಮಾತ್ರ ನಾಪತ್ತೆ. ಒಳಗೆ ಬಂದರೆ ಅಡುಗೆಮನೆಯಿಂದ ಇನ್ನೊಂದು ದೂರು: "ರೀ, ಎಣ್ಣೆ ಸುರಿಯೋ ಲಾಳಿಕೆ ಎಲ್ಲಿ?" ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅಷ್ಟರಲ್ಲಿ ಬಚ್ಚಲುಮನೆಯಿಂದ ಒಂದು ಸದ್ದು ಬಂತು. ಎಮ್ಮೆಯೊಂದು ಬಾವಿಗೆ ಬಿದ್ದು, ಬಿದ್ದದ್ದಕ್ಕೆ ನಮ್ಮನ್ನೇ ಬೈಯುತ್ತಿದ್ದ ಹಾಗಿತ್ತು.

ಬಾಗಿಲು ತೆಗೆದು ನೋಡಿದರೆ ಪೈಪಿನ ಒಂದು ತುದಿಯಲ್ಲಿ ಲಾಳಿಕೆ, ಇನ್ನೊಂದು ತುದಿಯಲ್ಲಿ ನನ್ನ ಏಳು ವರ್ಷದ ಮಗಳು.

ಭಾನುವಾರದಿಂದ ಇದೇ ಪಾಡು. ಯಾರನ್ನು ಬೈಯಲಿ? ಮಕ್ಕಳಿಗೆ ಆರ್ಕೆಸ್ಟ್ರಾದ ವಾದ್ಯಗಳನ್ನು ಪರಿಚಯಿಸುವ ಕಛೇರಿಗೆ ಅವಳನ್ನು ಕೈ ಹಿಡಿದು ಕರೆದುಕೊಂಡು ಹೋದವನು ನಾನೇ. ಹೋಗಿ ಬಂದಮೇಲೆ ಪಿಟೀಲು ಬೇಕು ಅಂತಾಳೆ, ಹೆಚ್ಚೆಂದರೆ ಕೊಳಲು ಅಂತಾಳೆ ಎಂದು ನನ್ನ ಲೆಕ್ಕ. ಒಂದು ವಾರ ಮೊದಲೇ ತಯಾರಿಯನ್ನೂ ನಡೆಸಿದ್ದೆ. ರಷ್ಯಾದ ಸಂಗೀತಕಾರ ಪ್ರೊಕೋಫಿಯೆವ್ 1936ರಲ್ಲಿ ಮಕ್ಕಳಿಗೆಂದೇ ರಚಿಸಿದ 'ಪೀಟರ್ ಮತ್ತು ತೋಳ' ಅಂದಿನ ಮುಖ್ಯ ಕೃತಿ. ಅದರಲ್ಲಿ ಒಂದೊಂದು ಪಾತ್ರಕ್ಕೆ ಒಂದೊಂದು ವಾದ್ಯ. ಹಕ್ಕಿಗೆ ಕೊಳಲು, ಬಾತುಕೋಳಿಗೆ ಓಬೋ, ಬೆಕ್ಕಿಗೆ ಕ್ಲಾರಿನೆಟ್, ಗೊಣಗುವ ತಾತನಿಗೆ ಬಸೂನ್, ತೋಳಕ್ಕೆ ಮೂರು ಫ್ರೆಂಚ್ ಹಾರ್ನ್, ಅಂದರೆ ಸುರುಳಿ ಸುತ್ತಿದ ಲೋಹದ ಕಹಳೆ. ಮಗ್ಗಿ ಒಪ್ಪಿಸಿದಂತೆ ಒಪ್ಪಿಸುತ್ತಿದ್ದಳು. ನಾನು ನೆಂಟರಿಗೆಲ್ಲ ಫೋನು ಮಾಡಿ ತುತ್ತೂರಿ ಊದಿದ್ದೂ ಆಗಿತ್ತು.

ಶುರುವೇನೋ ಚೆನ್ನಾಗಿಯೇ ಆಯಿತು. ಓಬೋ ಒಂದೇ ಸ್ವರವನ್ನು ಎಳೆದು ಹಿಡಿಯಿತು, ಉಳಿದವರೆಲ್ಲ ಅದಕ್ಕೆ ಶ್ರುತಿ ಕೂಡಿಸಿದರು. ಅಲ್ಲಿಯವರೆಗೆ ಮುಂದಿನ ಕುರ್ಚಿಯನ್ನು ಒದೆಯುತ್ತಿದ್ದ ಕಾಲು ನಿಂತಿತು. ಹಕ್ಕಿ ಬಂತು, ಬಾತು ಬಂತು, ಬೆಕ್ಕು ಬಂತು. ಆಮೇಲೆ ಮೂರು ಹಾರ್ನುಗಳು ಒಟ್ಟಿಗೆ ಗುರುಗುಟ್ಟಿ ತೋಳವೂ ಬಂತು. ಮಗಳು ನನ್ನ ತೋಳಿಗೆ ಅಂಟಿಕೊಂಡಳು. ದುಡ್ಡು ಕೊಟ್ಟಿದ್ದು ಸಾರ್ಥಕ ಎಂದುಕೊಂಡೆ.

ಅಷ್ಟರಲ್ಲಿ ಕಥೆ ಹೇಳುವವರು ಒಂದು ಕ್ಷಣ ನಿಲ್ಲಿಸಿದರು. ಸಭಾಂಗಣದಲ್ಲಿ ಸೂಜಿ ಬಿದ್ದರೂ ಕೇಳುವ ಮೌನ. ಹಾರ್ನಿನವರಲ್ಲೊಬ್ಬರು ಇದೇ ಸಮಯ ಎಂದು ವಾದ್ಯವನ್ನು ಮಡಿಲಿಗಿಳಿಸಿ, ಸ್ಟೀರಿಂಗ್ ತಿರುಗಿಸಿದಂತೆ ಒಂದು ಸುತ್ತು ತಿರುಗಿಸಿ, ಸಣ್ಣದೊಂದು ಕೊಳವೆ ಎಳೆದು ನೆಲದ ಕಡೆಗೆ ಬಗ್ಗಿಸಿದರು. ತೊಟ ತೊಟ ನೀರು ಬಿತ್ತು. ನಾವು ಎರಡನೇ ಸಾಲಿನಲ್ಲಿದ್ದೆವು.

"ಅಪ್ಪಾ! ತೋಳ ಉಚ್ಚೆ ಮಾಡ್ತಿದೆ!"

ಭೂಮಿ ಬಾಯ್ಬಿಡಲಿಲ್ಲ. ನನಗೆ ಬೇಕಾದಾಗ ಅದು ಬಾಯ್ಬಿಟ್ಟಿದ್ದೇ ಇಲ್ಲ. ಮುಂದಿನ ಸಾಲಿನ ಅಜ್ಜಿಯೊಬ್ಬರು ಸೆರಗು ಬಾಯಿಗೆ ಒತ್ತಿಕೊಂಡರು. ನಮಗೆ ಬೆನ್ನು ಹಾಕಿ ನಿಂತು ವಾದ್ಯದವರನ್ನೆಲ್ಲ ನಡೆಸುತ್ತಿದ್ದ ಕಂಡಕ್ಟರ್ ಅವರ ಹೆಗಲು ಕುಣಿಯತೊಡಗಿತು. ಬಸೂನಿನವರು ಊದಬೇಕಾದ ಉಸಿರನ್ನು ಮೂಗಿನಿಂದ ಬಿಟ್ಟರು. ಹಿಂದಿನ ಸಾಲಿನ ಮಕ್ಕಳೆಲ್ಲ ಕುರ್ಚಿ ಹತ್ತಿ "ಎಲ್ಲಿ, ಎಲ್ಲಿ?" ಎಂದು ಶುರುಮಾಡಿದರು. ಹಾರ್ನಿನವರು ಮಾತ್ರ ಕಿವಿಯವರೆಗೆ ಕೆಂಪಾಗಿ, ಉಳಿದ ಎರಡು ಹನಿಗಳನ್ನು ಕೊಡವಿ ಮುಗಿಸಿದರು. ವೃತ್ತಿನಿಷ್ಠೆ ಅಂದರೆ ಅದು.

ನಾನು ಪಿಸುದನಿಯಲ್ಲಿ ಪಾಠ ಹೇಳಿದೆ. ಅದು ಉಚ್ಚೆಯಲ್ಲ ಪುಟ್ಟಿ, ಬಹುಪಾಲು ಎಂಜಲೂ ಅಲ್ಲ. ನಮ್ಮ ಬಿಸಿ ಉಸಿರಿನ ಹಬೆ ತಣ್ಣನೆಯ ಲೋಹಕ್ಕೆ ತಾಗಿ ನೀರಾಗುತ್ತೆ, ಸುರುಳಿ ಬಿಚ್ಚಿದರೆ ಆ ಕೊಳವೆ ಸುಮಾರು 3.7 ಮೀಟರ್ ಉದ್ದ, ನೀರು ನಿಂತರೆ ಸ್ವರ ಗೊರಗೊರ ಅನ್ನುತ್ತೆ. ಅವಳು ಗಂಭೀರವಾಗಿ ಕೇಳಿ, "ಅಷ್ಟುದ್ದ ಇದ್ರೆ ತುಂಬಾ ಬರತ್ತೆ ಅಲ್ವಾ?" ಅಂದಳು. ಮುಂದಿನದೆಲ್ಲ ಬರೀ ಎಣಿಕೆ. "ಅಪ್ಪಾ, ಎರಡನೇ ಸಲ." "ಅಪ್ಪಾ, ಈಗ ಆ ಕಡೆಯವರು." ತೋಳ ನುಂಗಿದ ಬಾತು ಕೊನೆಯಲ್ಲಿ ಅದರ ಹೊಟ್ಟೆಯೊಳಗಿಂದಲೇ ಕೂಗುವಾಗ, ಓಬೋ ಎಷ್ಟು ಸಣ್ಣಗೆ ನುಡಿಯಿತೆಂದರೆ ಪಕ್ಕದ ಮಗು ಅತ್ತೇಬಿಟ್ಟಿತು. ನನ್ನ ಗಂಟಲೂ ಕಟ್ಟಿತ್ತು. ಇವಳು ಬಗ್ಗಿ ಹಾರ್ನಿನವರ ಕಾಲ ಬುಡ ನೋಡುತ್ತಿದ್ದಳು.

ಕಛೇರಿ ಮುಗಿದಮೇಲೆ ಮಕ್ಕಳು ವಾದ್ಯಗಳನ್ನು ಮುಟ್ಟಿ ನೋಡಬಹುದಿತ್ತು. 47 ತಂತಿಗಳ ಹಾರ್ಪ್ ಹತ್ತಿರ ಕರೆದೆ, ಬರಲಿಲ್ಲ. ನೆಟ್ಟಗೆ ತೋಳದ ಬಳಿಗೇ ಓಡಿದಳು. ಆ ಮಹಾನುಭಾವರು ಸೇಡು ತೀರಿಸಿಕೊಂಡರೋ ಪ್ರೀತಿಯಿಂದಲೇ ಮಾಡಿದರೋ, ಚೀಲದಿಂದ ಒಂದು ತುಂಡು ಪೈಪು ಮತ್ತು ಲಾಳಿಕೆ ತೆಗೆದರು. ಸದ್ದು ಹುಟ್ಟುವುದು ತುಟಿ ಅದುರುವುದರಿಂದ, ಕೊಳವೆ ಯಾವುದಾದರೂ ನಡೆಯುತ್ತೆ ಎಂದು ಊದಿಯೇ ತೋರಿಸಿದರು. 1956ರಲ್ಲಿ ಲಂಡನ್ನಿನಲ್ಲಿ ಡೆನಿಸ್ ಬ್ರೈನ್ ಎಂಬ ದೊಡ್ಡ ಹಾರ್ನ್ ವಾದಕರು ತುಂಬಿದ ಸಭೆಯಲ್ಲಿ ತೋಟದ ಪೈಪಿನಲ್ಲೇ ಲಿಯೊಪೋಲ್ಡ್ ಮೋಟ್ಸಾರ್ಟ್ ಎಂಬ ಹಳೇ ಕಾಲದ ಸಂಗೀತಕಾರರ ಕೃತಿ ನುಡಿಸಿದ್ದರಂತೆ ಎಂದೂ ಸೇರಿಸಿದರು. "ಮನೇಲಿ ಪೈಪ್ ಇದೆಯಾ ಪುಟ್ಟಿ?" ಎಂದು ಕೇಳಿ ಹೊರಟೇಹೋದರು. ಅವರ ಮನೆಗೆ ಹೋಗಿ ಊದುವವರು ಯಾರೂ ಇಲ್ಲ ನೋಡಿ.

ನಾನು ಆ ಹೊತ್ತಿಗೆ ಪಿಟೀಲಿನ ದೊಡ್ಡಣ್ಣನಂಥ ಚೆಲ್ಲೋ ಪಕ್ಕ ನಿಂತಿದ್ದೆ. ಮೆಲ್ಲಗೆ ಒಂದು ತಂತಿಗೆ ಬೆರಳು ಚಾಚಿದೆ. "ಸರ್, ಇದು ಮಕ್ಕಳಿಗೆ ಮಾತ್ರ," ಎಂದಳು ನೋಡಿಕೊಳ್ಳುತ್ತಿದ್ದ ಹುಡುಗಿ. ಕೈ ಜೇಬಿಗೆ ಹೋಯಿತು. ನಾನು ಮಗುವಾಗಿದ್ದಾಗ ನಮ್ಮ ಶಾಲೆಯ ಹಾರ್ಮೋನಿಯಂ ಗಾಜಿನ ಬೀರುವಿನಲ್ಲಿತ್ತು. ಬೀಗದ ಕೈ ಹೆಡ್‌ಮಾಸ್ಟರ ಬಳಿ ಇತ್ತು. ಮಕ್ಕಳು ಮುಟ್ಟಬಾರದು ಎಂದು ಚೀಟಿ ಬೇರೆ ಅಂಟಿಸಿದ್ದರು.

ಇರಲಿ. ಇವತ್ತು ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಪೈಪನ್ನು ಹಿತ್ತಲಿಗೆ ತಂದು ನಲ್ಲಿಗೆ ಸಿಕ್ಕಿಸಲು ಹೋದವನು, ಅತ್ತಿತ್ತ ನೋಡಿ ಬಾಯಿಗಿಟ್ಟೆ. ಮೊದಲು ಬರೀ ಗಾಳಿ. ಆಮೇಲೆ ಎಂಜಲು. ಕೆನ್ನೆ ನೋವು ಬಂದು, ಕಣ್ಣು ಕತ್ತಲಿಟ್ಟು, ಇನ್ನು ಸಾಕು ಅನ್ನುವಾಗ ಒಂದು ಸ್ವರ ಬಂತು. ಎಮ್ಮೆಯದಲ್ಲ. ದುಂಡಗೆ, ಉದ್ದಕ್ಕೆ, ನಾಲ್ಕೈದು ಸೆಕೆಂಡ್ ನಿಂತೇ ಇತ್ತು. ನಿಲ್ಲಿಸಲು ಮನಸ್ಸಾಗಲಿಲ್ಲ. ಮತ್ತೆ ಊದಿದೆ, ಮತ್ತೆ ಊದಿದೆ.

ಕೊನೆಗೆ ಸ್ವರ ಗೊರಗೊರ ಅಂದಾಗ ಹಿಂದೆ ಯಾರೋ ನಿಂತ ಹಾಗಾಯಿತು. ಬೆನ್ನಿನ ಮೇಲೆ ಶಾಲೆಯ ಚೀಲ, ಕೈಯಲ್ಲಿ ನೀರಿನ ಬಾಟಲಿ, ಮುಖದಲ್ಲಿ ಗುರುವಿನ ಗಾಂಭೀರ್ಯ.

"ಅಪ್ಪಾ, ನೀರು ಬಿಡಬೇಕು."

ಪೈಪು ಬಗ್ಗಿಸಿದೆ. ಗಿಡಗಳಿಗೆ ಇವತ್ತು ಸಿಕ್ಕ ನೀರು ಅಷ್ಟೇ.